ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೆ ‘ಜೀನ್ ಟೆಸ್ಟ್’ ಮಾಡಿಸಬೇಕಾ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಆಪರೇಷನ್ ಆಗಿದೆ, ಗಾಯ ಮಾಯುತ್ತಿದೆ. ರಿಪೋರ್ಟ್ ಹಿಡಿದುಕೊಂಡು ಹೋದರೆ ಡಾಕ್ಟರು, ‘ಕೀಮೋ ಬೇಕಾ ಬೇಡವಾ ಅಂತ ನೋಡೋಕೆ ಒಂದು ಜೀನ್ ಟೆಸ್ಟ್ ಇದೆ, ಖರ್ಚು ಜಾಸ್ತಿ, ಮನೆಯಲ್ಲಿ ಮಾತಾಡಿ ಹೇಳಿ’ ಅನ್ನುತ್ತಾರೆ. ಹೊರಗೆ ಬಂದಮೇಲೆ ಮನೆಯವರಿಗೆ ಏನು ಮಾತಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಒಬ್ಬರು ಸೊಲ್ಲಾಪುರಕ್ಕೆ ಫೋನ್ ಹಚ್ಚುತ್ತಾರೆ, ಇನ್ನೊಬ್ಬರು ಹೈದರಾಬಾದಿಗೆ, ಅಲ್ಲೊಂದು ಮಾತು ಇಲ್ಲೊಂದು ಮಾತು. ಅಷ್ಟರಲ್ಲಿ ವಾರ ಕಳೆದಿರುತ್ತದೆ.

ನಾನು ಕಲಬುರಗಿಯಲ್ಲಿ ಬಯಾಪ್ಸಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ ಸ್ಲೈಡ್ ಮಾಡುವುದು ನಮ್ಮ ಕೆಲಸ. ಈ ಟೆಸ್ಟಿಗೆ ಕಳಿಸುವುದು ಅದೇ ಮೇಣದ ತುಂಡನ್ನು, ಅದಕ್ಕೆ ಬ್ಲಾಕ್ ಅನ್ನುತ್ತೇವೆ. ಹಾಗಾಗಿ ಬ್ಲಾಕ್ ಕೇಳಿಕೊಂಡು ಬರುವ ಅಣ್ಣತಮ್ಮಂದಿರು, ಗಂಡಂದಿರು, ಹೆಣ್ಣುಮಕ್ಕಳು ನಮ್ಮ ಕೌಂಟರಿನಲ್ಲೇ ನಿಂತು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಚಿಕಿತ್ಸೆ ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ. ಅವರ ಮುಂದೆ ಕೂತಾಗ ಏನು ಕೇಳಬೇಕು, ಏನು ಕೈಯಲ್ಲಿರಬೇಕು ಅನ್ನುವುದು ಈ ಲೇಖನದ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಟೆಸ್ಟ್ ಮುಖ್ಯವಾಗಿ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಹಾರ್ಮೋನ್ ಮಾತ್ರೆಯ (ಗಡ್ಡೆಗೆ ಹಾರ್ಮೋನಿನ ಬಲ ಸಿಗದಂತೆ ತಡೆಯುವ ಮಾತ್ರೆ) ಜೊತೆಗೆ ಕೀಮೋನೂ ಕೊಟ್ಟರೆ ಈಕೆಗೆ ಲಾಭ ಇದೆಯಾ? ಬರುವ ಉತ್ತರದಿಂದ ಚಿಕಿತ್ಸೆ ಬದಲಾಗುವಂತಿದ್ದರೆ ಮಾಡಿಸಿ. ಉತ್ತರ ಏನೇ ಬಂದರೂ ಚಿಕಿತ್ಸೆ ಅದೇ ಅಂತಾದರೆ ಆ ದುಡ್ಡನ್ನು ಮಾತ್ರೆಗೆ, ಕರೆಂಟ್ (ರೇಡಿಯೇಶನ್) ಕೊಡಿಸೋದಕ್ಕೆ, ಓಡಾಟಕ್ಕೆ ಇಟ್ಟುಕೊಳ್ಳಿ.

ಮೊದಲು: ಯಾವ ಜೀನ್ ಟೆಸ್ಟ್ ಅಂತ ಕೇಳಿ

‘ಜೀನ್ ಟೆಸ್ಟ್’ ಅಂತ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಟೆಸ್ಟ್ ಓಡಾಡುತ್ತಿವೆ. ಒಂದು ಬಿಆರ್‌ಸಿಎ. ಅದನ್ನು ರಕ್ತದಲ್ಲಿ ಅಥವಾ ಜೊಲ್ಲಿನಲ್ಲಿ ಮಾಡುತ್ತಾರೆ. ತಾಯಿಯಿಂದಲೋ ತಂದೆಯಿಂದಲೋ ಬಂದ ದೋಷ ಇದೆಯಾ ಅಂತ ನೋಡುವ ಟೆಸ್ಟ್ ಅದು. ಅಕ್ಕತಂಗಿಯರಿಗೆ, ಮಕ್ಕಳಿಗೆ ಅಪಾಯ ಇದೆಯಾ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತದೆ.

ನಾವು ಇಲ್ಲಿ ಮಾತಾಡುತ್ತಿರುವುದು ಇನ್ನೊಂದರ ಬಗ್ಗೆ. ಇದನ್ನು ಗಡ್ಡೆಯಲ್ಲೇ ಮಾಡುತ್ತಾರೆ. ಗಡ್ಡೆಯೊಳಗೆ ಯಾವ ಜೀನ್ ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅಂತ ಅಳೆಯುತ್ತಾರೆ, ಅದಕ್ಕೆ ಜೀನ್ ಎಕ್ಸ್‌ಪ್ರೆಶನ್ ಅನ್ನುತ್ತಾರೆ. ಹೊಲದ ಪಹಣಿ ನೋಡಿದರೆ ಎಷ್ಟು ಎಕರೆ, ಯಾರ ಹೆಸರಲ್ಲಿದೆ ಅಂತ ತಿಳಿಯುತ್ತದೆ, ಈ ವರ್ಷ ತೊಗರಿ ಹೇಗೆ ಬಂದಿದೆ ಅಂತ ತಿಳಿಯಬೇಕಾದರೆ ಹೊಲಕ್ಕೇ ಹೋಗಬೇಕು ಅಲ್ವಾ? ಡಿಎನ್‌ಎ ಪಹಣಿ ಇದ್ದ ಹಾಗೆ. ಈ ಟೆಸ್ಟ್ ಹೊಲಕ್ಕೆ ಹೋಗಿ ನೋಡುತ್ತದೆ, ಅಂದರೆ ಜೀನ್ ಕೆಲಸ ಮಾಡುವಾಗ ತಯಾರಾಗುವ ಆರ್‌ಎನ್‌ಎಯನ್ನು ಅಳೆಯುತ್ತದೆ. ಇದರ ಸ್ಕೋರ್ ಜಾಸ್ತಿ ಬಂತು ಅಂತ ಮಗಳಿಗೂ ಬರುತ್ತದೆ ಅಂತ ಹೆದರಬೇಡಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡು ರಿಪೋರ್ಟ್ ಪಕ್ಕದಲ್ಲಿಟ್ಟುಕೊಳ್ಳಿ

ಒಂದು ಆಪರೇಷನ್ ಆದಮೇಲೆ ಬಂದ ಬಯಾಪ್ಸಿ ರಿಪೋರ್ಟ್. ಅದರಲ್ಲಿ ಮೂರು ವಿಷಯ ಹುಡುಕಿ ಪೆನ್ನಿನಿಂದ ಗುರುತು ಹಾಕಿ: ಗಡ್ಡೆ ಎಷ್ಟು ಸೆಂಟಿಮೀಟರ್, ಗ್ರೇಡ್ (ಗಡ್ಡೆಯ ಜೀವಕೋಶ ಸಹಜ ರೂಪದಿಂದ ಎಷ್ಟು ಬದಲಾಗಿದೆ ಅನ್ನುವ ಅಳತೆ) 1, 2, 3ರಲ್ಲಿ ಯಾವುದು, ಕಂಕುಳಿನ ಗಂಟುಗಳಲ್ಲಿ (ಲಿಂಫ್ ನೋಡ್) ಎಷ್ಟಕ್ಕೆ ರೋಗ ತಗುಲಿದೆ. ‘1/14’ ಅಂತ ಬರೆದಿದ್ದರೆ 14 ಗಂಟು ನೋಡಿದ್ದಾರೆ, ಒಂದರಲ್ಲಿ ರೋಗ ಇದೆ ಅಂತ ಅರ್ಥ.

ಇನ್ನೊಂದು ಐಎಚ್‌ಸಿ ರಿಪೋರ್ಟ್, ಗಡ್ಡೆಯ ತುಂಡಿಗೆ ಬಣ್ಣ ಹಿಡಿಸಿ ಅದರಲ್ಲಿ ಯಾವ ಪ್ರೋಟೀನ್ ಇದೆ ಅಂತ ನೋಡುವ ಟೆಸ್ಟಿನದು. ನಮ್ಮ ಕಡೆಯ ಎಷ್ಟೋ ಲ್ಯಾಬುಗಳು ಇದನ್ನು ಹೊರಗಿನ ಊರಿಗೆ ಕಳಿಸುತ್ತವೆ, ಹಾಗಾಗಿ ತಡವಾಗಿ ಬರುತ್ತದೆ. ಬಂದಿಲ್ಲ ಅಂದರೆ ಸುಮ್ನೆ ಕೂರಬೇಡಿ, ಫೋನ್ ಮಾಡಿ ಕೇಳಿ. ಅದರಲ್ಲಿ ಇಆರ್, ಪಿಆರ್ ಅಂತ ಎರಡು ಸಾಲು ಇರುತ್ತವೆ. ಗಡ್ಡೆಗೆ ಹೆಣ್ಣಿನ ಹಾರ್ಮೋನಿನಿಂದ ಬೆಳೆಯುವ ಗುಣ ಇದೆಯಾ ಅಂತ ಅವು ಹೇಳುತ್ತವೆ. ಇಆರ್ ಶೇ 1ರಷ್ಟಿದ್ದರೂ ಪಾಸಿಟಿವ್ ಅಂತಲೇ ಬರೆಯುತ್ತಾರೆ. ಆದರೆ ಶೇ 1ರಿಂದ 10ರ ನಡುವೆ ಇದ್ದರೆ ಅದನ್ನು ಕಡಿಮೆ ಪಾಸಿಟಿವ್ ಅಂತ ಬೇರೆಯಾಗಿಯೇ ನೋಡುತ್ತಾರೆ, ಅದನ್ನು ಡಾಕ್ಟರಿಗೆ ತೋರಿಸಿ ಕೇಳಿ. ಆಮೇಲೆ ಹರ್-2, ಗಡ್ಡೆ ಬೇಗ ಬೆಳೆಯುವಂತೆ ಮಾಡುವ ಒಂದು ಪ್ರೋಟೀನ್. ಅದು 0 ಅಥವಾ 1+ ಇದ್ದರೆ ನೆಗೆಟಿವ್, 3+ ಇದ್ದರೆ ಪಾಸಿಟಿವ್. 2+ ಅಂತ ಬಂದರೆ ಇನ್ನೂ ಏನೂ ಗೊತ್ತಾಗಿಲ್ಲ ಅಂತ ಅರ್ಥ. ಫಿಶ್ ಅನ್ನುವ ಟೆಸ್ಟ್ ಮಾಡಿಸಿ ತೀರ್ಮಾನ ಮಾಡಬೇಕು. ಆ ರಿಪೋರ್ಟ್ ಬರುವ ತನಕ ಜೀನ್ ಟೆಸ್ಟಿಗೆ ದುಡ್ಡು ಕಟ್ಟಲೇಬೇಡಿ. ಕೊನೆಯ ಸಾಲು ಕೆಐ-67, ಎಷ್ಟು ಶೇಕಡ ಜೀವಕೋಶ ಬೆಳೆಯುವ ಹಂತದಲ್ಲಿವೆ ಅಂತ. ಇದು ಲ್ಯಾಬಿನಿಂದ ಲ್ಯಾಬಿಗೆ ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತದೆ.

ಈ ಟೆಸ್ಟ್ ನಿಮಗೆ ಅನ್ವಯಿಸುತ್ತದಾ?

ಇಆರ್ ಪಾಸಿಟಿವ್, ಹರ್-2 ನೆಗೆಟಿವ್, ಕಂಕುಳಿನ ಗಂಟಿಗೆ ರೋಗ ಹೋಗಿಲ್ಲ ಅಥವಾ ಒಂದರಿಂದ ಮೂರು ಗಂಟಿಗಷ್ಟೇ ಹೋಗಿದೆ, ದೇಹದ ಬೇರೆ ಕಡೆ ಹರಡಿಲ್ಲ. ಇಷ್ಟೂ ಹೌದು ಅಂದರೆ ಮಾತ್ರ ಮುಂದಿನ ಮಾತು.

ಹರ್-2 ಪಾಸಿಟಿವ್ ಇದ್ದರೆ ದಾರಿ ಬೇರೆ. ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇದ್ದರೂ ಬೇರೆ. ಅವರಿಗೆ ಈ ಸ್ಕೋರ್ ಬೇಕಾಗಿಲ್ಲ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಗಂಟಿಗೆ ರೋಗ ಹೋಗಿದ್ದರೆ ಸಾಮಾನ್ಯವಾಗಿ ಕೀಮೋ ಕೊಟ್ಟೇ ಕೊಡುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳು ಗಡ್ಡೆ ದೊಡ್ಡದಾದ ಮೇಲೆಯೇ ಬರುವುದು ಜಾಸ್ತಿ, ಎಷ್ಟೋ ಜನರಿಗೆ ಆಪರೇಷನ್‌ಗಿಂತ ಮುಂಚೆಯೇ ಕೀಮೋ ಶುರುವಾಗಿರುತ್ತದೆ. ಅಂಥವರಿಗೆ ‘ಕೀಮೋ ಬೇಕಾ’ ಅನ್ನುವ ಪ್ರಶ್ನೆಯೇ ಉಳಿದಿರುವುದಿಲ್ಲ. ಇನ್ನೊಂದು ತುದಿಯಲ್ಲಿ, ಅರ್ಧ ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ, ಗ್ರೇಡ್ 1, ಗಂಟಿನಲ್ಲಿ ಏನೂ ಇಲ್ಲ ಅಂದರೆ ಕೀಮೋ ಮಾತೇ ಬರುವುದಿಲ್ಲ. ವಯಸ್ಸು ಬಹಳ ಆಗಿ, ಹೃದಯ ಕಿಡ್ನಿ ಸರಿಯಿಲ್ಲದೆ ಕೀಮೋ ತಡೆಯುವ ಶಕ್ತಿಯೇ ಇಲ್ಲದವರಿಗೂ ಅಷ್ಟೇ.

ಡಾಕ್ಟರಿಗೆ ಕೇಳಬೇಕಾದ್ದು ಇಷ್ಟೇ: ‘ಸ್ಕೋರ್ ಕಡಿಮೆ ಬಂದರೆ ಕೀಮೋ ಬಿಡ್ತೀರಾ? ಜಾಸ್ತಿ ಬಂದರೆ ಕೊಡ್ತೀರಾ?’ ಎರಡಕ್ಕೂ ಹೌದು ಅಂದರೆ ಟೆಸ್ಟಿಗೆ ಅರ್ಥವಿದೆ.

ದುಡ್ಡಿಲ್ಲದ ದಾರಿಯನ್ನೂ ಕೇಳಿ ನೋಡಿ. ಮ್ಯಾಗೀ ಸೂತ್ರ ಅಂತ ಇದೆ, ಇಆರ್, ಪಿಆರ್, ಹರ್-2, ಕೆಐ-67, ಗ್ರೇಡ್, ಗಾತ್ರ ಇಷ್ಟನ್ನೇ ಹಾಕಿ ಸ್ಕೋರ್ ಸುಮಾರು ಎಷ್ಟು ಬರಬಹುದು ಅಂತ ಅಂದಾಜು ಮಾಡುತ್ತಾರೆ. ಪ್ರೆಡಿಕ್ಟ್ ಅನ್ನುವ ಬ್ರಿಟನ್ನಿನ ಲೆಕ್ಕವೂ ಇಂಟರ್‌ನೆಟ್‌ನಲ್ಲಿ ಉಚಿತ. ಅದು ಅಲ್ಲಿನ ಹೆಣ್ಣುಮಕ್ಕಳ ದಾಖಲೆಯಿಂದ ಕಟ್ಟಿದ್ದು, ಹಾಗಾಗಿ ಮನೆಯಲ್ಲಿ ಕೂತು ನೀವೇ ಅಂಕಿ ಹಾಕಿ ಗಾಬರಿಯಾಗುವ ಬದಲು ಡಾಕ್ಟರ ಜೊತೆ ಕೂತು ನೋಡಿ. ನನ್ನ ಕೇಳಿದರೆ, ಲಕ್ಷಗಟ್ಟಲೆ ಖರ್ಚು ಮಾಡುವ ಮುಂಚೆ ಈ ಹೆಜ್ಜೆ ಎಲ್ಲರೂ ಇಡಲೇಬೇಕು.

ಬ್ಲಾಕ್: ಎಲ್ಲ ನಿಂತಿರುವುದು ಇದರ ಮೇಲೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಟೆಸ್ಟ್ ಎಷ್ಟೇ ದೊಡ್ಡ ಲ್ಯಾಬಿನದಾಗಲಿ, ಕಳಿಸಿದ ತುಂಡು ಕೆಟ್ಟಿದ್ದರೆ ಉತ್ತರವೂ ಕೆಡುತ್ತದೆ. ಆರ್‌ಎನ್‌ಎ ಬಹಳ ಬೇಗ ಹಾಳಾಗುವ ವಸ್ತು.

ಗಡ್ಡೆ ದೇಹದಿಂದ ಹೊರಗೆ ಬಂದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ (ತುಂಡು ಕೊಳೆಯದಂತೆ ಕಾಯುವ ದ್ರಾವಣ) ಬೀಳಬೇಕು. ಬರೀ ಮುಳುಗಿದರೆ ಸಾಲದು, ತುಂಡಿನ ಹತ್ತು ಪಟ್ಟು ಫಾರ್ಮಲಿನ್ ಇರಬೇಕು ಅನ್ನುವುದು ನಿಯಮ. ಫಾರ್ಮಲಿನ್ ಒಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ, ಸ್ತನದ ಕೊಬ್ಬಿನಲ್ಲಿ ಇನ್ನೂ ನಿಧಾನ. ಈಗ ಯೋಚಿಸಿ. ಶನಿವಾರ ಸಂಜೆ ತಾಲೂಕಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್. ಇಡೀ ಸ್ತನವನ್ನು ಕತ್ತರಿಸದೆ ಒಂದು ಡಬ್ಬಿಯಲ್ಲಿ ತುರುಕಿ ಮೇಲೆ ಒಂದಿಷ್ಟು ಫಾರ್ಮಲಿನ್ ಸುರಿದು ಮನೆಯವರ ಕೈಗೆ ಕೊಡುತ್ತಾರೆ. ಭಾನುವಾರ ಲ್ಯಾಬ್ ಬಂದ್. ಸೋಮವಾರ ನಮ್ಮ ಹತ್ತಿರ ಬಂದಾಗ ಮೇಲಿನ ಭಾಗ ಬಿಗಿಯಾಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಚಾಕು ಹಾಕಿದರೆ ಗಡ್ಡೆ ಇರುವ ನಡುಭಾಗ ಮೆತ್ತಗೆ, ಕೆಂಪಗೆ, ವಾಸನೆ ಬರುತ್ತಿರುತ್ತದೆ. ಫಾರ್ಮಲಿನ್ ಬದಲು ಸಲೈನಿನಲ್ಲಿ ಹಾಕಿ ಕಳಿಸಿದ್ದನ್ನೂ, ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದನ್ನೂ ನೋಡಿದ್ದೇನೆ. ಅಂಥ ತುಂಡಿನಲ್ಲಿ ಇಆರ್ ನೆಗೆಟಿವ್ ಬಂದರೆ ಅದು ಗಡ್ಡೆಯ ಗುಣವಾ, ತುಂಡು ಕೆಟ್ಟಿದ್ದಕ್ಕಾ ಅಂತ ಹೇಳುವುದೇ ಕಷ್ಟ. ಆ ತಪ್ಪು ಉತ್ತರದ ಮೇಲೆ ಒಬ್ಬ ಹೆಣ್ಣುಮಗಳ ಐದು ವರ್ಷದ ಮಾತ್ರೆ ತಪ್ಪಿಹೋಗಬಹುದು. ನನಗೆ ಸಂಕಟ ಆಗುವುದು ಅದಕ್ಕೇ.

ಹಾಗಾಗಿ ಆಪರೇಷನ್ ಇನ್ನೂ ಆಗಿಲ್ಲ ಅಂದರೆ ಮುಂಚೆಯೇ ಕೇಳಿಕೊಳ್ಳಿ. ಲ್ಯಾಬ್ ತೆರೆದಿರುವ ದಿನ ಆಪರೇಷನ್ ಇಡಿಸಿ. ಅಗಲ ಬಾಯಿಯ ಡಬ್ಬಿ ತನ್ನಿ. ಹೆಸರು, ವಯಸ್ಸು, ಯಾವ ಕಡೆಯ ಸ್ತನ, ಆಪರೇಷನ್ ಮಾಡಿದ ದಿನ ಮತ್ತು ಗಂಟೆ ಇಷ್ಟನ್ನೂ ಡಬ್ಬಿಯ ಮೈಮೇಲೆ ಬರೆಸಿ, ಮುಚ್ಚಳದ ಮೇಲಲ್ಲ, ಮುಚ್ಚಳ ಅದಲುಬದಲಾಗುತ್ತದೆ. ಡಬ್ಬಿ ಅವತ್ತೇ ಲ್ಯಾಬಿಗೆ ತಲುಪಬೇಕು, ಅಲ್ಲಿ ಅದನ್ನು ಸೀಳಿ ಫಾರ್ಮಲಿನ್ ಒಳಗೆ ಇಳಿಯುವಂತೆ ಮಾಡುತ್ತಾರೆ. ತುಂಡು ಫಾರ್ಮಲಿನ್‌ನಲ್ಲಿ ಇರುವುದು ಒಟ್ಟು 6 ಗಂಟೆಗಿಂತ ಕಡಿಮೆಯೂ ಬೇಡ, 72 ಗಂಟೆಗಿಂತ ಜಾಸ್ತಿಯೂ ಬೇಡ. ಆಪರೇಷನ್‌ಗೆ ಮುಂಚೆ ಸೂಜಿ ಬಯಾಪ್ಸಿ ಮಾಡಿದ್ದರೆ ಐಎಚ್‌ಸಿಯನ್ನು ಅದರಲ್ಲೇ ಮಾಡಿಸಿ ಅಂತ ಕೇಳಿ. ಚಿಕ್ಕ ತುಂಡು, ಫಾರ್ಮಲಿನ್ ಚೆನ್ನಾಗಿ ಹಿಡಿದಿರುತ್ತದೆ.

ಆಪರೇಷನ್ ಆಗಿಹೋಗಿದೆ ಅಂದರೆ ಲ್ಯಾಬಿಗೆ ಹೋಗಿ ಬ್ಲಾಕ್ ಕೇಳಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ಲಾಸ್ಟಿಕ್ ಕ್ಯಾಸೆಟ್, ಒಳಗೆ ಬಿಳಿ ಮೇಣ, ಮೇಣದಲ್ಲಿ ಗಡ್ಡೆಯ ತುಂಡು. ಅಂಚಿನಲ್ಲಿ ಪೆನ್ಸಿಲಿನಿಂದ ನಂಬರ್ ಬರೆದಿರುತ್ತಾರೆ. ಒಂದು ಆಪರೇಷನ್ನಿನಿಂದ ಹತ್ತಾರು ಬ್ಲಾಕ್ ಬರುತ್ತವೆ, ಗಡ್ಡೆ ಚೆನ್ನಾಗಿ ಇರುವುದನ್ನು ಲ್ಯಾಬಿನ ಡಾಕ್ಟರು ಸ್ಲೈಡ್ ನೋಡಿ ಆರಿಸಿ ಕೊಡಬೇಕು. ಕೈಗೆ ಸಿಕ್ಕಿದ್ದನ್ನು ತಗೊಂಡು ಹೋಗಬೇಡಿ. ನಂಬರ್ ರಿಪೋರ್ಟಿನ ಜೊತೆ ತಾಳೆ ನೋಡಿ, ಸಹಿ ಹಾಕಿ, ರಸೀದಿ ತಗೊಳ್ಳಿ, ಕೆಲಸ ಮುಗಿದಮೇಲೆ ವಾಪಸ್ ತಂದು ಕೊಡಿ. ಮುಂದೆ ಎಂದಾದರೂ ಬೇಕಾಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರಿಕೆ. ಈ ಮೇಣ ಸುಮಾರು 56ರಿಂದ 60 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಮುಂಚೆಯೇ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಎಷ್ಟು ಕಾವು ಇರುತ್ತದೆ ಅಂತ ನಿಮಗೇ ಗೊತ್ತು. ಬ್ಲಾಕನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಸ್ಕೂಟರ್ ಡಿಕ್ಕಿಯಲ್ಲೂ ಬೇಡ. ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲಿಟ್ಟುಕೊಂಡು, ಬೆಳಿಗ್ಗೆ ತಂಪಿರುವಾಗಲೇ ಒಯ್ದು ಕೊಡಿ.

ಯಾವ ಟೆಸ್ಟ್?

ಆಂಕೋಟೈಪ್ ಡಿಎಕ್ಸ್ ಹೆಸರು ಎಲ್ಲರೂ ಹೇಳುತ್ತಾರೆ. 21 ಜೀನ್ ಅಳೆಯುತ್ತದೆ. ಅದರಲ್ಲಿ 16 ಕ್ಯಾನ್ಸರಿಗೆ ಸಂಬಂಧಪಟ್ಟವು, ಉಳಿದ 5 ಹೋಲಿಸಿ ನೋಡೋಕೆ. ಹಳೆಯ ಬ್ಲಾಕಿನಲ್ಲಿ ಆರ್‌ಎನ್‌ಎ ಒಂದಿಷ್ಟು ಹರಿದಿರುತ್ತದೆ, ಹಾಗಾಗಿ ಯಾವಾಗಲೂ ಒಂದೇ ಸಮ ಇರುವ ಆ ಐದು ಜೀನುಗಳ ಅಳತೆಗೆ ಉಳಿದವನ್ನು ತೂಗಿ ನೋಡುತ್ತಾರೆ. ಗಡ್ಡೆ ಎಷ್ಟು ವೇಗದಲ್ಲಿ ಬೆಳೆಯುತ್ತಿದೆ ಅಂತ ಹೇಳುವ ಜೀನುಗಳಿಗೆ ಸ್ಕೋರಿನಲ್ಲಿ ಹೆಚ್ಚು ತೂಕ. ಬ್ಲಾಕ್ ಅಮೆರಿಕಕ್ಕೆ ಹೋಗಬೇಕು.

ಮಮ್ಮಾಪ್ರಿಂಟ್ 70 ಜೀನಿನದು, ನೆದರ್ಲೆಂಡ್ಸ್‌ನಲ್ಲಿ 2002ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಹುಟ್ಟಿದ್ದು. ಅಂಕಿಯ ಬದಲು ಅಪಾಯ ಕಡಿಮೆ ಅಥವಾ ಜಾಸ್ತಿ ಅಂತ ಹೇಳುತ್ತದೆ. 50 ಜೀನಿನ ಪ್ರೊಸಿಗ್ನಾ, 12 ಜೀನಿನ ಎಂಡೋಪ್ರೆಡಿಕ್ಟ್ ಕೂಡ ಇವೆ.

ಬೆಂಗಳೂರಿನಲ್ಲೇ ಆಗುವ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಬಗ್ಗೆಯೂ ಕೇಳಿ. ಇದು ಜೀನ್ ಅಳೆಯುವುದಿಲ್ಲ, ಐದು ಪ್ರೋಟೀನನ್ನು ಐಎಚ್‌ಸಿ ರೀತಿಯಲ್ಲೇ ನೋಡಿ, ಗಾತ್ರ, ಗ್ರೇಡ್, ಗಂಟು ಸೇರಿಸಿ ಲೆಕ್ಕ ಹಾಕುತ್ತದೆ. ನಮ್ಮ ದೇಶದ ಹೆಣ್ಣುಮಕ್ಕಳ ಗಡ್ಡೆಗಳ ಮೇಲೆ ಕಟ್ಟಿದ ಟೆಸ್ಟ್, ಖರ್ಚೂ ಸಾಕಷ್ಟು ಕಡಿಮೆ. ಆದರೆ ಕೀಮೋದಿಂದ ಲಾಭ ಆಗುತ್ತದಾ ಅನ್ನುವುದಕ್ಕೆ ಆಂಕೋಟೈಪ್‌ಗೆ ಇರುವಷ್ಟು ದೊಡ್ಡ ಪುರಾವೆ ಇದಕ್ಕಿಲ್ಲ. ಎರಡನ್ನೂ ತೂಗಿ ನೋಡಿ ಡಾಕ್ಟರ ಜೊತೆ ತೀರ್ಮಾನ ಮಾಡಿ.

ದುಡ್ಡಿನ ವಿಷಯಕ್ಕೆ ಬಂದರೆ, ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವುದಕ್ಕೆಲ್ಲ ಹಣ ಸಿಗುತ್ತದೆ ಅಂತ ಮೊದಲೇ ಕೇಳಿ. ಟೆಸ್ಟ್ ಕಂಪನಿಗೆ ನೇರವಾಗಿ ಕೇಳಿದರೆ ರಿಯಾಯಿತಿ ಸಿಗುವುದೂ ಉಂಟು. ಚಿನ್ನ ಅಡ ಇಟ್ಟು ಟೆಸ್ಟ್ ಮಾಡಿಸಿ, ಆಮೇಲೆ ಮಾತ್ರೆಗೆ, ರೇಡಿಯೇಶನ್‌ಗೆ ಕೈ ಖಾಲಿ ಆಗುವುದಾದರೆ ಟೆಸ್ಟ್ ಬೇಡ ಅಂತಲೇ ನನ್ನ ಅಭಿಪ್ರಾಯ. ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರ ಇದೆ, ದೂರದ ಊರಿಗೆ ಓಡುವ ಮುಂಚೆ ಅಲ್ಲಿ ಒಮ್ಮೆ ಮಾತಾಡಿ.

ದಿನದ ಲೆಕ್ಕ ಮರೆಯಬೇಡಿ. ಕೀಮೋ ಬೇಕು ಅಂತಾದರೆ ಆಪರೇಷನ್ ಆದ ಒಂದೆರಡು ತಿಂಗಳಲ್ಲಿ ಶುರುವಾಗಬೇಕು, ಮೂರು ತಿಂಗಳು ದಾಟಬಾರದು. ಬ್ಲಾಕ್ ಹೊರದೇಶಕ್ಕೆ ಹೋಗಿ ರಿಪೋರ್ಟ್ ಬರೋಕೆ ವಾರಗಳೇ ಬೇಕು.

ಸ್ಕೋರ್ ಬಂತು, ಹೇಗೆ ಓದೋದು?

ಆಂಕೋಟೈಪ್ ಸ್ಕೋರ್ 0ಯಿಂದ 100ರ ತನಕ. ಇದು ಶೇಕಡ ಅಲ್ಲ. 22 ಬಂದರೆ ರೋಗ ಮರಳಿ ಬರುವ ಸಾಧ್ಯತೆ ಶೇ 22 ಅಂತ ಅರ್ಥ ಮಾಡಿಕೊಂಡು ಅತ್ತವರನ್ನು ಕಂಡಿದ್ದೇನೆ. ಶೇಕಡದ ಅಂಕಿ ಅದೇ ರಿಪೋರ್ಟಿನಲ್ಲಿ ಬೇರೆ ಕಡೆ ಇರುತ್ತದೆ, ಅದನ್ನು ನೋಡಿ. ಅಲ್ಲಿ ಶೇ 4 ಅಂತ ಇದ್ದರೆ, ಇಂಥದ್ದೇ ಸ್ಕೋರಿನ ನೂರು ಹೆಣ್ಣುಮಕ್ಕಳು ಹಾರ್ಮೋನ್ ಮಾತ್ರೆ ತಗೊಂಡಾಗ ಒಂಬತ್ತು ವರ್ಷದಲ್ಲಿ ಸುಮಾರು ನಾಲ್ಕು ಜನರಿಗೆ ರೋಗ ದೂರದ ಅಂಗಕ್ಕೆ ಹೋಗಿ ಮರಳಿತು ಅಂತ. ನಿಮ್ಮ ಅಕ್ಕ ಆ ನಾಲ್ವರಲ್ಲಿ ಇದ್ದಾರಾ, ತೊಂಬತ್ತಾರರಲ್ಲಿ ಇದ್ದಾರಾ ಅಂತ ಯಾವ ಟೆಸ್ಟೂ ಹೇಳುವುದಿಲ್ಲ.

ಈ ಅಂಕಿಗಳಿಗೆ ಬಲ ಬಂದಿದ್ದು ಟೇಲರ್‌ಎಕ್ಸ್ ಅನ್ನುವ ದೊಡ್ಡ ಅಧ್ಯಯನದಿಂದ. ಹತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇರಿದ್ದರು, ಎಲ್ಲರಿಗೂ ಗಂಟಿನಲ್ಲಿ ರೋಗ ಇರಲಿಲ್ಲ, ಫಲಿತಾಂಶ 2018ರಲ್ಲಿ ಬಂತು. ಸ್ಕೋರ್ 11ರಿಂದ 25 ಇದ್ದವರಲ್ಲಿ ಅರ್ಧ ಜನರಿಗೆ ಬರೀ ಹಾರ್ಮೋನ್ ಮಾತ್ರೆ, ಅರ್ಧ ಜನರಿಗೆ ಕೀಮೋನೂ ಕೊಟ್ಟರು. ಒಂಬತ್ತು ವರ್ಷದಲ್ಲಿ ರೋಗ ದೂರಕ್ಕೆ ಹೋಗದೆ ಉಳಿದವರು ಬರೀ ಮಾತ್ರೆಯ ಕಡೆ ಶೇ 94.5, ಕೀಮೋನೂ ಕೊಟ್ಟ ಕಡೆ ಶೇ 95. ವ್ಯತ್ಯಾಸ ಇಲ್ಲ ಅಂದಹಾಗೆಯೇ. 50 ದಾಟಿದವರಲ್ಲಿ 25ರ ತನಕ ಕೀಮೋ ಬೇಡ ಅನ್ನುವುದು ಇದರಿಂದ ಗಟ್ಟಿಯಾಯಿತು. 26 ಅಥವಾ ಅದಕ್ಕಿಂತ ಮೇಲಿದ್ದರೆ ಕೀಮೋ ಕೊಡುತ್ತಾರೆ.

50ರ ಒಳಗಿನವರಿಗೆ ಉತ್ತರ ಇಷ್ಟು ನೇರವಾಗಿಲ್ಲ. ನಮ್ಮ ದೇಶದಲ್ಲಿ ಈ ರೋಗ ಚಿಕ್ಕ ವಯಸ್ಸಿಗೇ ಬರುವುದು ಜಾಸ್ತಿಯಾದ್ದರಿಂದ ಇದನ್ನು ಗಮನವಿಟ್ಟು ಓದಿ. ಅವರಲ್ಲಿ 16ರಿಂದ 20ರ ನಡುವೆ ಕೀಮೋದಿಂದ ನೂರಕ್ಕೆ ಒಂದೂವರೆಯಷ್ಟು, 21ರಿಂದ 25ರ ನಡುವೆ ನೂರಕ್ಕೆ ಆರೂವರೆಯಷ್ಟು ಜನರಿಗೆ ಲಾಭ ಕಂಡಿತು. ಕೀಮೋದಿಂದ ಮುಟ್ಟು ನಿಲ್ಲುವುದರಿಂದಲೇ ಆ ಲಾಭದಲ್ಲಿ ಒಂದು ಪಾಲು ಬಂದಿರಬಹುದು ಅಂತ ತಜ್ಞರು ಹೇಳುತ್ತಾರೆ. ಹಾಗಾಗಿ ‘ಕೀಮೋ ಬದಲು ಅಂಡಾಶಯದ ಕೆಲಸ ನಿಲ್ಲಿಸುವ ಇಂಜೆಕ್ಷನ್ ಜೊತೆ ಮಾತ್ರೆ ಕೊಟ್ಟರೆ ಹೇಗೆ’ ಅಂತ ಕೇಳಿ. ಗಂಟಿನಲ್ಲಿ ರೋಗ ಇದ್ದವರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲೂ ಹೀಗೆಯೇ ಆಯಿತು: ಒಂದರಿಂದ ಮೂರು ಗಂಟು, ಸ್ಕೋರ್ 25ರ ಒಳಗೆ, ಮುಟ್ಟು ನಿಂತವರಿಗೆ ಕೀಮೋದಿಂದ ಲಾಭ ಕಾಣಲಿಲ್ಲ, ಮುಟ್ಟು ಇನ್ನೂ ಇದ್ದವರಿಗೆ ಕಂಡಿತು.

ಅವರಿಗೂ ಹೇಳಿ

‘ಅವ್ವಗ ಏನೂ ಹೇಳಬ್ಯಾಡ್ರಿ ಸರ, ಹೆದರ್ತಾಳ’ ಅಂತ ಕೌಂಟರಿನಲ್ಲಿ ಮಕ್ಕಳು ಪಿಸುಗುಡುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೀಮೋ ತಗೊಳ್ಳುವುದು, ಕೂದಲು ಉದುರುವುದು, ಐದು ವರ್ಷ ದಿನಾ ಮಾತ್ರೆ ನುಂಗುವುದು ಅವ್ವನೇ. ಸ್ಕೋರ್ ಏನು, ಅದರಿಂದ ಏನು ಬದಲಾಗುತ್ತದೆ ಅಂತ ಡಾಕ್ಟರ ಬಾಯಿಂದ ಅವರೇ ಕೇಳಬೇಕು, ಅವರೇ ಪ್ರಶ್ನೆ ಹಾಕಬೇಕು. ಜೊತೆಗೆ ಒಬ್ಬರು ಕೂತು ಬರೆದುಕೊಳ್ಳಿ, ಸಾಕು.

ಸ್ಕೋರ್ ಕಡಿಮೆ ಬಂದಮೇಲೆ

ಖುಷಿ ಪಡಿ. ಆದರೆ ಒಂದು ವಿಷಯ ರಿಪೋರ್ಟಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ: ಮರಳಿ ಬರುವ ಸಾಧ್ಯತೆಯ ಆ ಕಡಿಮೆ ಶೇಕಡ ಲೆಕ್ಕ ಹಾಕಿರುವುದು ಟ್ಯಾಮೊಕ್ಸಿಫೆನ್ ಅಥವಾ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ತರಹದ ಮಾತ್ರೆಯನ್ನು ಐದು ವರ್ಷ ತಗೊಳ್ಳುತ್ತಾರೆ ಅಂತ ಹಿಡಿದುಕೊಂಡು. ಮೊಣಕಾಲು ನೋವು ಅಂತಲೋ, ಮೈ ಬಿಸಿಯಾಗುತ್ತದೆ ಅಂತಲೋ, ಊರಿನ ಮೆಡಿಕಲ್‌ನಲ್ಲಿ ಸಿಗಲಿಲ್ಲ ಅಂತಲೋ ಒಂದು ವರ್ಷಕ್ಕೇ ಬಿಟ್ಟರೆ ಆ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ತೊಂದರೆ ಇದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸಿ ಕೊಡುತ್ತಾರೆ, ನೀವೇ ನಿಲ್ಲಿಸಬೇಡಿ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಬರೆಸಿಕೊಂಡರೆ ಸೇಡಂ, ಶಹಾಪುರ, ಔರಾದ್ ಕಡೆಯಿಂದ ಮೇಲಿಂದ ಮೇಲೆ ಬಸ್ ಹತ್ತುವುದು ತಪ್ಪುತ್ತದೆ.

ಲೆಟ್ರೊಜೋಲ್, ಅನಾಸ್ಟ್ರೊಜೋಲ್ ತಗೊಳ್ಳುವವರು ಮೂಳೆಯ ಸಾಂದ್ರತೆ ಪರೀಕ್ಷೆ ಯಾವಾಗ ಮಾಡಿಸಬೇಕು, ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾ ಅಂತ ಕೇಳಿಕೊಳ್ಳಿ. ಟ್ಯಾಮೊಕ್ಸಿಫೆನ್ ತಗೊಳ್ಳುವಾಗ ಮುಟ್ಟು ನಿಂತವರಿಗೆ ಮತ್ತೆ ರಕ್ತ ಹೋದರೆ, ಅಥವಾ ಒಂದು ಕಾಲು ಮಾತ್ರ ಊದಿ ನೋವಾದರೆ ಮುಂದಿನ ತಾರೀಖಿನ ತನಕ ಕಾಯದೆ ಅವತ್ತೇ ಹೋಗಿ ತೋರಿಸಿ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಇರುತ್ತದೆ. ಹೋಗುವಾಗ ಬಯಾಪ್ಸಿ, ಐಎಚ್‌ಸಿ, ಸ್ಕೋರ್ ರಿಪೋರ್ಟ್, ಬ್ಲಾಕಿನ ರಸೀದಿ ನಾಲ್ಕೂ ಒಂದೇ ಫೈಲಿನಲ್ಲಿರಲಿ, ಪ್ರತಿಯೊಂದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿರಲಿ.